ಹುಡುಗಿ ಕೇಳ್ತಾಳ

ನಮ್ಮ ಮನೆಯ ಆಡಿಗೆ ತುರ್ಕಿ ಭಾಷೆ ಬರುತ್ತಿತ್ತು. ನಗಬೇಡಿ, ಉಟಗಿಯ ಆ ಮನೆಗೆ ಸೊಸೆಯಾಗಿ ಕಾಲಿಟ್ಟ ವಾರದಲ್ಲೇ ಇದನ್ನು ಕಣ್ಣಾರೆ ಕಂಡವಳು ನಾನು. ಮಾವ ಅಂಗಳದಲ್ಲಿ ನಿಂತು ‘ಗೆಲ್’ ಎಂದರೆ ಅದು ಬರುತ್ತಿತ್ತು, ‘ದುರ್’ ಎಂದರೆ ನಿಲ್ಲುತ್ತಿತ್ತು, ‘ಸು ಇಚ್’ ಎಂದರೆ ಕಲ್ಲಿನ ಬಾನಿಯೊಳಗೆ ಬಾಯಿ ಹಾಕಿ ನೀರು ಕುಡಿಯುತ್ತಿತ್ತು. ನಾನು ಕನ್ನಡದಲ್ಲಿ ‘ಬಾ, ಬಾ’ ಎಂದು ಗಂಟಲು ಹರಿದುಕೊಂಡರೆ ಆ ಸೊಕ್ಕಿನ ಪ್ರಾಣಿ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ನನಗೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಹೊಸ ಸೊಸೆ ಎಂಬುದನ್ನೂ ಮರೆತು ಅದಕ್ಕೆ ಬೈದುಬಿಡುತ್ತಿದ್ದೆ.

ಆಗ ಸಂಸ್ಥಾನ ಹೋಗಿ ಜತ್ತ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನನಗೆ ಹದಿನೇಳು. ನಾವು ಪಿಂಜಾರರು, ಅರಳೆ ಹಿಂಜಿ ಗಾದಿ ಮಾಡುವ ಮಂದಿ. ನನ್ನ ಅಪ್ಪ ಮಾತ್ರ ಹಿಂಜುವ ಬಿಲ್ಲು ಬಿಟ್ಟು ಪುಸ್ತಕ ಹಿಡಿದವನು, ಕುಣಿಕೋಣೂರಿನಲ್ಲಿ ಕನ್ನಡ ಸಾಲಿ ಮಾಸ್ತರ. ನನಗೆ ಏಳನೆಯ ಇಯತ್ತೆಯವರೆಗೆ ಓದಿಸಿದ್ದ. ವ್ಯಾಕರಣದ ತಾಸು ಬಂದರೆ ಉಳಿದ ಹುಡುಗಿಯರು ತೂಕಡಿಸುತ್ತಿದ್ದರು, ನನಗೆ ಅದರದೇ ಹುಚ್ಚು. ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ ಎಂದು ಬಟ್ಟೆ ಒಗೆಯುವಾಗಲೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. “ಈಕಿ ತೆಲಿ ಕೆಟ್ಟೈತಿ” ಎಂದು ನನ್ನ ಅವ್ವ ಲಗೂನ ಮದುವೆ ಮಾಡಿಸಿದಳು.

ಗಂಡ ಮಿರಜಿನ ಒಂದು ಗಾದಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಹೀಗಾಗಿ ಉಟಗಿಯ ಮನೆಯಲ್ಲಿ ನಾವು ಮೂರೇ ಜನ: ಅತ್ತೆ, ಮಾವ, ನಾನು. ಸೊಸೆಯಾದವಳು ಮಾವನ ಎದುರಿಗೆ ನಿಲ್ಲಬಾರದು, ಅವರೊಂದಿಗೆ ಮಾತಾಡಬಾರದು ಎಂಬುದು ಆ ಮನೆಯ ರಿವಾಜು. ಮಾವ ಪಡಸಾಲೆಯಲ್ಲಿ ಕೂತು ಅರಳೆ ಹಿಂಜುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ. ನಡುವಿನ ಹೊಸ್ತಿಲ ಮೇಲೆ ಅತ್ತೆ. ನಮ್ಮ ನಡುವೆ ಆರು ಮೊಳ ದೂರವೂ ಇರಲಿಲ್ಲ, ಮೂವರ ಮಾತೂ ಮೂವರಿಗೂ ಕೇಳುತ್ತಿತ್ತು. ಆದರೂ ಮಾವ, “ಹುಡುಗಿಗೆ ಹೇಳು, ಚಾ ಕಾಸಂತ” ಎನ್ನಬೇಕು. ಅತ್ತೆ ನನ್ನ ಕಡೆ ತಿರುಗಿ, “ಚಾ ಕಾಸಬೇಕಂತ” ಎನ್ನಬೇಕು. ನಾನು, “ಸಕ್ರಿ ಆಗೇತ್ರಿ ಅಂತ ಹೇಳ್ರಿ” ಎನ್ನಬೇಕು. ಆಗ ಅತ್ತೆ ಆ ಕಡೆ ತಿರುಗಿ, “ಹುಡುಗಿ ಹೇಳ್ತಾಳ, ಸಕ್ರಿ ಇಲ್ಲಂತ” ಎನ್ನುವಷ್ಟರಲ್ಲಿ ಮಾವ ಬೆಲ್ಲದ ಚಹಾಕ್ಕೆ ಒಪ್ಪಿ ತಲೆಯಾಡಿಸಿ ಆಗಿರುತ್ತಿತ್ತು. ಮೊದಮೊದಲು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆ, ಆಮೇಲೆ ರೂಢಿಯಾಯಿತು.

ಒಂದು ಮಧ್ಯಾಹ್ನ ಅತ್ತೆಯ ಜೊತೆ ಜೋಳ ಹಸನು ಮಾಡುತ್ತ ಕೂತಾಗ ತಡೆಯಲಾರದೆ ಕೇಳಿಬಿಟ್ಟೆ.

“ಅತ್ತೀ, ಮಾವಾರು ಆಡಿನ ಜೋಡಿ ಏನೇನೋ ಮಾತಾಡ್ತಾರಲ್ರಿ, ಅದ್ಯಾವ ಮಾತ್ರಿ?”

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. “ತುರ್ಕಸ್ತಾನದ ಮಾತು. ನನ್ನ ಮನ್ಯಾಗ ಅದನ್ನ ತಗೀಬ್ಯಾಡ್ರಿ ಅಂತ ಬಂದ ದಿನಾನ ಹೇಳೀನಿ. ಅದಕ್ಕ ಅಂಗಳದಾಗ ಹೋಗಿ ಆಡಿನ ಮುಂದ ಒದರ್ತಾರ.”

“ಯಾಕ್ರಿ, ಬ್ಯಾಡ ಅಂದ್ರಿ?”

“ನಿನಗ್ಯಾಕ ಬೇಕ ಅದು?” ಎಂದು ಗದರಿದರು. ನಾಲ್ಕು ಮೊರ ಹಸನಾದವು. ಆಮೇಲೆ, ನಾನು ಕೇಳದೆಯೇ, ಜೋಳದ ಕಡೆ ನೋಡುತ್ತಲೇ ಹೇಳತೊಡಗಿದರು.

ಮೊದಲನೆಯ ಮಹಾಯುದ್ಧದಲ್ಲಿ ಮಾವ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ದಂಡಿನ ಜೊತೆ ಬಸ್ರಾಕ್ಕೆ ಹೋಗಿದ್ದರು. ಹೋಗುವಾಗ ಅತ್ತೆ ಬಸುರಿ. ಹೆಣ್ಣು ಹುಟ್ಟಿತೆಂದು ಬರೆಸಿದ ಒಂದು ಕಾಗದ ಅವರಿಗೆ ಮುಟ್ಟಿತ್ತಂತೆ, ಆಮೇಲೆ ಸುದ್ದಿಯೇ ಇಲ್ಲ. ವೈರಿಗಳು ಸೆರೆ ಹಿಡಿದು ತುರ್ಕಸ್ತಾನಕ್ಕೆ ಸಾಗಿಸಿದ್ದರು.

“ಲಡಾಯಿ ಮುಗೀತು,” ಅತ್ತೆ ಅಂದರು. “ಇವರ ಜೋಡಿ ಹೋಗಿದ್ದ ಬಿಳೂರ ಊರಾವ ಒಬ್ಬನ ತಿರುಗಿ ಬಂದ. ಇದ ಅಂಗಳದಾಗ ನಿಂತು ಹೇಳಿದ. ನಿನ್ನ ಗಂಡ ಜೀವಂತ ಅದಾನಬೇ, ಒಬ್ಬಾಕಿ ಮನ್ಯಾಗ ಅದಾನ, ಬಾರೋ ಹೋಗೂನು ಅಂದ್ರ ಬರಲಿಲ್ಲ ಅಂದ. ಆ ಥಂಡಿ ಮುಗಿಯೂದರಾಗ ದೊಡ್ಡ ಜ್ವರ ಬಂದು ನನ್ನ ಕೂಸು ಹೋತು. ಮೂರು ತುಂಬಿರಲಿಲ್ಲ ಅದಕ್ಕ. ಇವರು ಮಳಿಗಾಲಕ್ಕ ಬಂದ್ರು.”

“ಯಾರಾಕಿ ಅಂತ ನೀವು ಕೇಳಲಿಲ್ಲೇನ್ರಿ?”

“ಏನಂತ ಕೇಳ್ಲಿ? ಹೌದು, ಅಲ್ಲೊಬ್ಬಾಕಿ ಇದ್ಲು ಅಂತ ಅಂದಬಿಟ್ರ ನಾ ಎಲ್ಲಿಗೆ ಹೋಗ್ಲಿ?”

ಮೂವತ್ತು ವರ್ಷ ದಾಟಿತ್ತು ಆಗ. ಆಮೇಲೆ ಗಂಡುಮಗ ಹುಟ್ಟಿ, ಬೆಳೆದು, ನನ್ನನ್ನು ಮದುವೆಯಾಗಿ ತಂದಿದ್ದ. ಇಷ್ಟು ದಿನ ಅತ್ತೆ ಮಾವನಿಗೆ ಬಿಸಿ ರೊಟ್ಟಿ ಹಾಕಿದ್ದರು, ಜಡ್ಡು ಬಂದರೆ ಕಾಲೊತ್ತಿದ್ದರು, ನಕ್ಕಿದ್ದರು, ಜಗಳಾಡಿದ್ದರು. ಆ ಒಂದು ಚಳಿಗಾಲದ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಅತ್ತೆಯ ಕೈಯಿಂದ ಮೊರ ತೆಗೆದುಕೊಂಡು ಉಳಿದ ಜೋಳವನ್ನು ನಾನೇ ಕೇರಿದೆ. ಅದೇ ಹೊತ್ತಿಗೆ, ಸುಳ್ಳು ಯಾಕೆ ಹೇಳಲಿ, ಆ ಭಾಷೆಯ ಮೇಲೆ ಆಸೆಯೂ ಹೆಚ್ಚಾಯಿತು.

ಸಾಲಿಯ ಹಳೆಯ ವಹಿ ಒಂದಿತ್ತು. ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡು, ಮಾವ ಆಡಿಗೆ ಅಂದದ್ದನ್ನು ಬರೆಯತೊಡಗಿದೆ. ಆಡು ಏನು ಮಾಡಿತು ಎಂಬುದೇ ಅರ್ಥ. ಗೆಲ್ ಎಂದರೆ ಬಾ. ಅದು ಅರಳೆಯ ಬುಟ್ಟಿಗೆ ಮೂಗು ತೂರಿಸಲು ಬಂದಾಗ ಮಾವ ‘ಗೆಲ್ಮೆ’ ಎಂದು ಬಿಲ್ಲೆತ್ತಿದರು, ಅಂದರೆ ಬರಬೇಡ. ಗಿತ್ ಎಂದರೆ ಹೋಗು, ‘ಗಿತ್ಮೆ’ ಎಂದರೆ ಹೋಗಬೇಡ. ಓಹೋ, ‘ಬೇಡ’ ಎಂಬುದು ಬಾಲಕ್ಕೆ ಅಂಟಿಕೊಳ್ಳುತ್ತದೆ ನಮ್ಮಲ್ಲಿಯಂತೆಯೇ ಎಂದು ಒಬ್ಬಳೇ ಕುಣಿದೆ.

ನಾಲ್ಕು ದಿನ ಬಿಟ್ಟು ಇನ್ನೂ ದೊಡ್ಡದು ಸಿಕ್ಕಿತು. ಸಂಜೆ ಆಡನ್ನು ಒಳಗೆ ಕರೆಯುವಾಗ ಮಾವ ‘ಎವೆ ಗೆಲ್’ ಎನ್ನುತ್ತಿದ್ದರು. ಬಿಸಿಲಿನಲ್ಲಿ ಅದು ಅರಚಿದರೆ ‘ಎವ್‌ದೆ ಸು ವಾರ್’ ಎನ್ನುತ್ತಿದ್ದರು. ಬೇಲಿಯ ಕಡೆ ಓಡಿದರೆ ‘ಎವ್‌ದೆನ್ ಗಿತ್ಮೆ’. ಮೂರೂ ಸಾಲನ್ನು ಒಂದರ ಕೆಳಗೊಂದು ಬರೆದು ನೋಡುತ್ತೇನೆ, ಎವ್ ಎಂದರೆ ಮನೆ! ಮನೆಗೆ ಬಾ. ಮನೆಯಲ್ಲಿ ನೀರು ಇದೆ. ಮನೆಯಿಂದ ಹೋಗಬೇಡ. ಎವ್‌ನ ಬೆನ್ನಿಗೆ ಎ, ದೆ, ದೆನ್. ನಮ್ಮ ಗೆ, ಅಲ್ಲಿ, ಇಂದ. ನಮ್ಮಪ್ಪ ಕೋಲು ಹಿಡಿದು ಕಲಿಸಿದ ವಿಭಕ್ತಿ ಪ್ರತ್ಯಯಗಳು ಎಲ್ಲಿಯೋ ಹಿಮ ಬೀಳುವ ನಾಡಿನಲ್ಲೂ ಇದ್ದವು, ಮಾತಿನ ಸಾಲೂ ನಮ್ಮಂತೆಯೇ ನಡೆಯುತ್ತಿತ್ತು, ಕ್ರಿಯಾಪದ ಕೊನೆಗೆ. ಒಲೆಯ ಮೇಲೆ ಬೇಳೆ ಉಕ್ಕಿ ಹರಿದದ್ದೂ ನನಗೆ ತಿಳಿಯಲಿಲ್ಲ. ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡೆ.

ಗುಟ್ಟು ರಟ್ಟಾದದ್ದು ನನ್ನ ಬಾಯಿಂದಲೇ. ಬಂದವರಿಗೆಲ್ಲ ಬಡಿಸಿ ಒಂದು ದಿನ ಬುಟ್ಟಿಯಲ್ಲಿ ರೊಟ್ಟಿ ಮುಗಿದುಹೋಗಿತ್ತು. ಹೊಸದಾಗಿ ಹಿಟ್ಟು ನಾದಬೇಕು. ಬೇಸರದಲ್ಲಿ ನನಗೆ ನಾನೇ, “ಎವ್‌ದೆ ಎಕ್ಮೆಕ್ ಯೋಕ್” ಎಂದೆ. ಮನೆಯಲ್ಲಿ ರೊಟ್ಟಿ ಇಲ್ಲ. ಒಣ ರೊಟ್ಟಿ ಹಾಕುವಾಗ ಮಾವ ಆಡಿಗೆ ‘ಎಕ್ಮೆಕ್ ಯೆ’ ಎನ್ನುವುದನ್ನು ಕೇಳಿದ್ದೆ, ಬರಿಗೈ ತೋರಿಸಿ ‘ಯೋಕ್’ ಎನ್ನುವುದನ್ನೂ ಕೇಳಿದ್ದೆ. ಎರಡನ್ನೂ ಜೋಡಿಸಿದವಳು ನಾನು.

ಪಡಸಾಲೆಯಲ್ಲಿ ಟೊಂಯ್ ಟೊಂಯ್ ಎನ್ನುತ್ತಿದ್ದ ಬಿಲ್ಲು ನಿಂತುಬಿಟ್ಟಿತು.

“ಹುಡುಗಿ ಏನಂದ್ಲು?” ಮಾವನ ದನಿ ಬೇರೆಯಾಗಿತ್ತು.

ಹೊಸ್ತಿಲ ಮೇಲಿದ್ದ ಅತ್ತೆ ನನ್ನನ್ನು ನುಂಗುವಂತೆ ನೋಡಿದರು. ನಾನು ಹಿಟ್ಟಿನ ಕೈಯಲ್ಲೇ ತಲೆ ಮೇಲೆ ಸೆರಗೆಳೆದುಕೊಂಡೆ.

“ಹುಡುಗಿಗೆ ಹೇಳು,” ಎಂದರು ಮಾವ. ಗಡ್ಡದಲ್ಲಿದ್ದ ಅರಳೆಯನ್ನು ಕೊಡವಿಕೊಂಡರು. “ಹುಡುಗಿಗೆ ಹೇಳು, ಭಾಳ ಚಲೋ ಅಂದ್ಲು ಅಂತ. ಒಂದಕ್ಷರ ತಪ್ಪಿಲ್ಲಂತ.”

ಅತ್ತೆ ನನಗೆ ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಎಂಟು ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ನಾನು ವಹಿಯನ್ನು ಒಲೆಗೆ ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ, ಮನಸ್ಸಾಗಲಿಲ್ಲ. ಒಂಬತ್ತನೆಯ ದಿನ ಅತ್ತೆ ಹೊಸ್ತಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂತವರು, ಯಾವ ಪೀಠಿಕೆಯೂ ಇಲ್ಲದೆ, “ಕೇಳು, ಏನ ಕೇಳಾಕಿದ್ದಿ ಅವರಿಗೆ” ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಕೇಳ ಅಂದೆ. ಖರೇನ ಹೇಳಾಕತ್ತೀನಿ, ಬಾಯಾಗ ಏನ ಇಟಗೊಂಡೀದಿ?”

ಹೀಗೆ ಸಾಲಿ ಸುರುವಾಯಿತು. ಮಾವ ಒಂದು ವಾಕ್ಯ ಹೇಳುತ್ತಿದ್ದರು, ನನಗೆ ನೇರ ಕೇಳಿಸಿದರೂ ಕೇಳಿಸಿಲ್ಲ ಎಂದೇ ಲೆಕ್ಕ. ಅತ್ತೆ ಅದನ್ನು ಹೊಸ್ತಿಲು ದಾಟಿಸಬೇಕು. ತನ್ನ ಮನೆಯಲ್ಲಿ ಬೇಡವೆಂದಿದ್ದ ಆ ಮಾತನ್ನು ಮೊದಲ ವಾರ ಕಹಿ ಕಷಾಯ ಉಗುಳಿದ ಹಾಗೆ ಉಗುಳುತ್ತಿದ್ದರು. ಬರಬರುತ್ತ ನಾಲಿಗೆ ಹೊರಳಿತು. ನನಗಿಂತ ಚೊಕ್ಕವಾಗಿ ಹೇಳತೊಡಗಿದರು, ಅದನ್ನು ನಾನು ಅಂದರೆ ಮಾತ್ರ ಸಿಟ್ಟು.

“ಗೆಲ್ದಿಮ್ ಅಂದ್ರ ಬಂದೆ. ಗೆಲ್ದಿನ್ ಅಂದ್ರ ಬಂದಿ. ಗೆಲ್ದಿ ಅಂದ್ರ ಬಂದ,” ಮಾವ ಹೇಳಿದರು.

“ಬಂದಳು ಅನ್ನಾಕ ಏನಂತಾರ ಅಂತ ಕೇಳ್ರಿ,” ಅಂದೆ.

“ಹುಡುಗಿ ಕೇಳ್ತಾಳ, ಬಂದಳು ಅನ್ನಾಕ?”

“ಅದಕ್ಕೂ ಗೆಲ್ದಿ.”

“ಆಡು ಬಂತು ಅನ್ನಾಕ?”

“ಅದಕ್ಕೂ ಗೆಲ್ದಿ. ನಮ್ಮ ಮರಾಠ್ಯಾಗ ನೋಡು, ಖುರ್ಚಿನೂ ಹೆಣ್ಣ, ಭಾಕರಿನೂ ಹೆಣ್ಣ. ಅಲ್ಲಿ ಆ ಗದ್ದಲ ಇಲ್ಲ.”

“ಅದೆಂಥಾ ಮಂದಿರಿ?” ಎಂದರು ಅತ್ತೆ. “ಗಂಡಸು ಬಂದ್ನೋ, ಹೆಂಗಸು ಬಂದ್ಲೋ ತಿಳೀಬಾರದೇನು? ಬೇಕಂತಲೇ ಇಟ್ಟಾರ ಹಂಗ.” ಇದನ್ನು ನಾನು ಕೇಳಿದ್ದಲ್ಲ. ಮಾವ ಬಿಲ್ಲಿಗೆ ಎರಡು ಪೆಟ್ಟು ಜೋರಾಗಿ ಕೊಟ್ಟರು.

ದಿನಕ್ಕೊಂದು ವಾಕ್ಯ, ಅಷ್ಟೇ. ‘ಯೆದಿನ್ ಮಿ’ ಎಂದರೆ ಉಂಡೆಯಾ. ಕೊನೆಯ ‘ಮಿ’ ಇದ್ದರೆ ಪ್ರಶ್ನೆ, ತೆಗೆದರೆ ಬರೀ ನೀನು ಉಂಡೆ ಎಂಬ ಸುದ್ದಿ. ‘ನನ್ನ’ ಎಂಬುದು ಮಾತ್ರ ಮುಂದೆ ಬರುವುದಿಲ್ಲ, ಅದೂ ಬಾಲಕ್ಕೇ. ಎವಿಮ್, ನನ್ನ ಮನೆ. ಇದು ನನ್ನ ತಲೆಗೆ ಹತ್ತಲು ಹದಿನೈದು ದಿನ ಹಿಡಿಯಿತು. ಹಲವು ಮನೆಗಳಿಗೆ ಎವ್‌ಲೆರ್, ಹಲವು ಕುದುರೆಗಳಿಗೆ ಆತ್‌ಲಾರ್. ಒಂದಕ್ಕೆ ಲೆರ್, ಇನ್ನೊಂದಕ್ಕೆ ಲಾರ್ ಯಾಕೆಂದು ಜಗಳ ತೆಗೆದೆ. “ಹುಡುಗಿಗೆ ಹೇಳು, ಬಾಯಿ ಹ್ಯಾಂಗ ತಗದೀ ಹಂಗ ಮುಚ್ಚಬೇಕು, ನಡುವ ಬದಲಾಸಬಾರದು,” ಎಂದರು ಮಾವ. ಯಾವ ಪುಸ್ತಕದಲ್ಲೂ ಇಷ್ಟು ಸಸಾರವಾಗಿ ಯಾರೂ ಹೇಳಲಿಕ್ಕಿಲ್ಲ ಎಂದು ಈಗಲೂ ನನ್ನ ನಂಬಿಕೆ.

ಕಣ್ಣಿಂದ ಕಂಡದ್ದಕ್ಕೆ ಒಂದು ರೂಪ, ಬೇರೆಯವರಿಂದ ಕೇಳಿದ್ದಕ್ಕೆ ಇನ್ನೊಂದು ಎಂದು ಒಂದು ದಿನ ಹೇಳಿದರು. ಗೆಲ್ದಿ ಎಂದರೆ ಬಂದ, ನಾನೇ ನೋಡಿದೆ. ಗೆಲ್ಮಿಶ್ ಎಂದರೆ ಬಂದಾನಂತ.

“ಅದು ನಮ್ಮಲ್ಲೂ ಐತಿ,” ಅತ್ತೆ ಕೆಳಗೆ ನೋಡುತ್ತ ಅಂದರು. “ಜೀವಂತ ಅದಾನಂತ, ಒಬ್ಬಾಕಿ ಮನ್ಯಾಗ ಅದಾನಂತ, ಬರೂದಿಲ್ಲಂತ.” ಆ ದಿನದ ಪಾಠ ಅಲ್ಲಿಗೇ ನಿಂತಿತು.

ಅತ್ತೆ ಯಾಕೆ ಒಪ್ಪಿದರೆಂದು ನನಗೆ ಆಗ ಹೊಳೆಯಿತು. ಪ್ರತಿ ವಾಕ್ಯವನ್ನೂ ತಿರುವಿ ತಿರುವಿ ನೋಡಿ, ಅದರೊಳಗೆ ಆ ಹೆಂಗಸನ್ನು ಹುಡುಕುತ್ತಿದ್ದರು. ಹುಡುಕಿದರೆ ಸಿಗುವಂತೆಯೂ ಇತ್ತು. ಬಾ, ಕೂಡು. ರೊಟ್ಟಿ ತಿನ್ನು. ಕಾಲು ಒರೆಸಿಕೋ. ಕಟ್ಟಿಗೆ ತಾ. ಚಳಿಯಾಯಿತೇ? ನನ್ನ ವಹಿಯ ತುಂಬ ಇವೇ. ಇವೆಲ್ಲ ಮಾವ ಅಂದ ಮಾತುಗಳಲ್ಲ, ಯಾರೋ ಮಾವನಿಗೆ ಮನೆಯೊಳಗೆ ಅಂದ ಮಾತುಗಳು. ನನಗೆ ಭಯವಾಗತೊಡಗಿತು. ನನ್ನ ಹುಚ್ಚಿನಿಂದ, ಎರಡು ಜೀವ ಮೂವತ್ತು ವರ್ಷ ಜೋಪಾನವಾಗಿ ಮುಚ್ಚಿಟ್ಟುಕೊಂಡು ನಡೆಸಿದ ಸಂಸಾರ ಒಡೆದರೆ? ಪಾಠ ಸಾಕು ಎನ್ನೋಣವೆಂದರೆ, ಈಗ ಬಿಡುವವರು ಅತ್ತೆಯಲ್ಲ. ಮಧ್ಯಾಹ್ನವಾದರೆ ಸಾಕು, “ಕೇಳಬೇ, ಇವತ್ತ ಏನ ಕೇಳ್ತಿ” ಎಂದು ಹೊಸ್ತಿಲ ಮೇಲೆ ತಯಾರು.

ಆ ದಿನ ಮಾಘದ ಗಾಳಿ ಬೀಸುತ್ತಿತ್ತು. ಪಡಸಾಲೆಯ ತುಂಬ ಅರಳೆಯ ಎಳೆ ಹಾರಾಡಿ ಮಾವನ ಗಡ್ಡ, ಹುಬ್ಬು ಎಲ್ಲ ಬಿಳಿ. ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವ ಅಂದಿನ ವಾಕ್ಯ ಹೇಳಿದರು. “ಕಪಿಯಿ ಕಪಾತ್, ಸೌಕ್ ಗೆಲಿಯೋರ್. ಬಾಗಿಲಾ ಹಾಕು, ಥಂಡಿ ಬರಾಕತ್ತೈತಿ.”

ಇದರಲ್ಲಿ ಬಾಗಿಲು ಯಾವುದು, ಹಾಕು ಯಾವುದು ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊಸ್ತಿಲ ಮೇಲೆ ಕಾಳು ಆರಿಸುತ್ತಿದ್ದ ಅತ್ತೆ ಪಡಸಾಲೆಯ ಕಡೆ ತಿರುಗಿ ಹೇಳಿದರು:

“ಹುಡುಗಿ ಕೇಳ್ತಾಳ, ಆ ಮಾತು ನಿಮಗ ಅಂದಾಕಿ ಯಾರು ಅಂತ.”

ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ನಾನು ಕೇಳಿರಲಿಲ್ಲ. ನಾನು ಕೇಳಲಿಲ್ಲ ಎಂಬುದು ಮಾವನಿಗೂ ಗೊತ್ತು, ನನ್ನ ದನಿಯೇ ಹೊರಗೆ ಬಂದಿರಲಿಲ್ಲವಲ್ಲ. ಅವರು ಬಿಲ್ಲನ್ನು ಗೋಡೆಗೆ ಆನಿಸಿಟ್ಟರು.

“ಹುಡುಗಿಗೆ ಹೇಳು,” ಎಂದರು. “ಆ ಮನೀ ಮುದುಕಿ ಅಂತ.”

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. “ಹುಡುಗಿ ಕೇಳ್ತಾಳ, ಎಷ್ಟು ಮುದುಕಿ ಅಂತ.”

“ಬಾಯಾಗ ಒಂದ ಹಲ್ಲಿರಲಿಲ್ಲ.”

“ಮತ್ತ್ಯಾರಿದ್ರಂತ ಆ ಮನ್ಯಾಗ? ಮಗಳು? ಸೊಸಿ?”

“ಯಾರೂ ಇರಲಿಲ್ಲಂತ ಹೇಳು. ಒಬ್ಬ ಮಗ ಇದ್ದ, ಅವನೂ ದಂಡಿಗೆ ಹೋಗಿದ್ದ, ತಿರುಗಿ ಬರಲಿಲ್ಲ.”

ಬಾಗಿಲ ಸಂದಿಯಿಂದ ನನಗೆ ಅತ್ತೆಯ ಬೆನ್ನು ಕಾಣುತ್ತಿತ್ತು, ಮಾವನ ಮೊಣಕಾಲು ಕಾಣುತ್ತಿತ್ತು. ಮಾವ ನಿಧಾನವಾಗಿ ಎಲ್ಲ ಹೇಳಿದರು. ಸೆರೆಯಾಳುಗಳನ್ನು ರೈಲು ಹಾದಿಯ ಕೆಲಸಕ್ಕೆ ಹಚ್ಚಿದ್ದರಂತೆ. ಅಲ್ಲಿ ವಿಷಮಜ್ವರ ಬಂದು ಮಂದಿ ಸಾಲುಸಾಲಾಗಿ ಸತ್ತರು. ಮಾವನನ್ನೂ ಉಳಿಯುವುದಿಲ್ಲವೆಂದು ಒಂದು ಹಳ್ಳಿಯಲ್ಲಿ ಬಿಟ್ಟುಹೋದರು. ಆ ಮುದುಕಿ ತನ್ನ ಮಗನ ಹಾಸಿಗೆಯಲ್ಲಿ ಮಲಗಿಸಿ, ಮಗನ ಅಂಗಿ ತೊಡಿಸಿ, ಒಂದೊಂದು ತುತ್ತು ಗಂಜಿ ಕುಡಿಸಿ ಬದುಕಿಸಿದಳು. ರೊಟ್ಟಿ ತೋರಿಸಿ ರೊಟ್ಟಿಯ ಹೆಸರು ಹೇಳಿದಳು, ನೀರು ತೋರಿಸಿ ನೀರಿನ ಹೆಸರು. ಮಗನೇ ಎಂದು ಕರೆದಳು.

“ಬಿಳೂರಾವ ಬಂದ, ಲಡಾಯಿ ಮುಗದೈತಿ, ಹೋಗೂನು ನಡಿ ಅಂದ. ಗಂಟು ಕಟ್ಟಿದ್ದೆ ನಾ. ಆದ್ರ ಮುದುಕಿ ಹಾಸಿಗಿ ಹಿಡಿದಿದ್ಲು. ನೀರು ಕೊಡಾಕೂ ಒಬ್ರಿಲ್ಲ. ಎರಡ ದಿನ ತಡದು ಹಿಂದ ಬರ್ತೀನಿ ನಡಿ ಅಂದೆ ಅವಗ. ಹಿಮ ಬಿತ್ತು. ಹಾದಿ ಮುಚ್ಚಿತು. ಮುದುಕಿ ಮೂರು ತಿಂಗಳು ಜೀವ ಹಿಡಿದ್ಲು. ಮಣ್ಣು ಕೊಟ್ಟ ಮರುದಿನ ಹೊಂಟೆ.”

ಒಲೆಯ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ನಾನು ತೆಗೆಯಲಿಲ್ಲ.

“ಹುಡುಗಿ ಕೇಳ್ತಾಳ,” ಎಂದರು ಅತ್ತೆ. “ಹುಡುಗಿ ಕೇಳ್ತಾಳ, ಇಷ್ಟು ಮಾತನ್ನ ಮೂವತ್ತು ವರ್ಷ ಯಾಕ ಹೇಳಲಿಲ್ಲ ಅಂತ.”

“ಹುಡುಗಿಗೆ ಹೇಳು, ಮನಿಗೆ ಬಂದ ದಿನ ಕೂಸು ಎಲ್ಲಿ ಅಂತ ಕೇಳಿದೆ. ನೀ ಹೋತು ಅಂದಿ. ಯಾವ ತಿಂಗಳು ಅಂದೆ. ನೀ ತಿಂಗಳಾ ಹೇಳಿದಿ.” ಮಾವ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು, ಅರಳೆ ಕೈಗೆ ಮೆತ್ತಿತು. “ಅಲ್ಲಿ ನಾ ಯಾರದೋ ತಾಯಿಗೆ ನೀರು ಕುಡಸ್ಕೋತ ಕುಂತ ತಿಂಗಳದು. ಬಿಳೂರಾವನ ಜೋಡಿ ಬಂದಿದ್ರ ಕೂಸಿನ ಮಾರಿ ನೋಡ್ತಿದ್ದೆ. ಅದನ್ನ ಯಾವ ಬಾಯಿಲೆ ಹೇಳ್ಲಿ ನಾ?”

ನಾನು ಬಾಗಿಲ ಹಿಂದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅತ್ತೆ ಅಳಲಿಲ್ಲ. ಆಮೇಲೆ, ‘ಹುಡುಗಿ ಕೇಳ್ತಾಳ’ ಎನ್ನದೆ, ನೇರವಾಗಿ ಕೇಳಿದರು:

“ಕಡೀಕ ಆ ಮುದುಕಿ ಬಾಯಾಗ ನೀರು ಯಾರು ಬಿಟ್ರು?”

“ನಾನ.”

“ಇಲ್ಲಿ ಕೂಸಿಗೆ ನಾ ಬಿಟ್ಟೆ,” ಎಂದರು ಅತ್ತೆ.

ಆಮೇಲೆ ಬಂತು ನೋಡಿ ಸಿಟ್ಟು. ಎದ್ದು ನಿಂತರು, ಮಡಿಲಲ್ಲಿದ್ದ ಕಾಳೆಲ್ಲ ಪಡಸಾಲೆಗೆ ಚೆಲ್ಲಿತು. “ಅಯ್ಯ, ನಿಮ್ಮ ಬಾಯಿಗೆ ಏನಾಗಿತ್ರಿ? ಅವತ್ತ ಹೇಳಿದ್ರ ನಾಕ ದಿನ ನಿಮ್ಮ ಮ್ಯಾಲ ಹರಿಹಾಯ್ದು, ಅತ್ತು, ಸುಮ್ಮನಾಗತಿದ್ದೆ! ಮೂವತ್ತು ವರ್ಷ! ಹಲ್ಲಿಲ್ಲದ ಒಂದು ಮುದುಕಿ ಮ್ಯಾಲ ಮೂವತ್ತು ವರ್ಷ ಹೊಟ್ಟಿಕಿಚ್ಚ ಪಡಸಿದ್ರಲ್ಲ ನನ್ನ! ದಿನಾ ಶಾಪ ಹಾಕೀನಿ ಆಕಿಗೆ. ನಿಮ್ಮನ್ನ ಬದುಕಿಸಿ ಕೊಟ್ಟಾಕಿಗೆ ಶಾಪ ಹಾಕೀನಿ. ನನಗ್ಯಾವ ಗತಿ ಐತ್ರಿ ಇನ್ನ?”

ಮಾವ ತಲೆ ತಗ್ಗಿಸಿ ಎಲ್ಲ ಬೈಸಿಕೊಂಡರು. ಬೈದು ಬೈದು ಸುಸ್ತಾಗಿ ಅತ್ತೆ ಕೂತರು. ಈ ಸಲ ಹೊಸ್ತಿಲ ಮೇಲಲ್ಲ, ಪಡಸಾಲೆಯಲ್ಲಿ, ಅರಳೆಯ ರಾಶಿಯ ಈಚೆಗೆ, ಮಾವನ ಎದುರಿಗೆ. ಹೊರಗೆ ಯಾರೋ ಗಾಡಿ ಹೊಡೆದುಕೊಂಡು ಹೋದರು. ಗಾಡಿಯ ಸಪ್ಪಳ ಪೂರ್ತಿ ಅಡಗಿದ ಮೇಲೆ ಮಾವ ಕೇಳಿದರು. ಎಂಥ ಸಣ್ಣ ದನಿಯೆಂದರೆ ನಾನು ಬಾಗಿಲಿಗೆ ಕಿವಿ ಹಚ್ಚಬೇಕಾಯಿತು.

“ಕೂಸಿಗೆ ಮಾತು ಬರ್ತಿದ್ದುವೇನು?”

ಅತ್ತೆ ದಿಟ್ಟಿಸಿ ನೋಡಿದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

“ಬರ್ತಿದ್ದುವೇನು ಅಂತೀರಿ? ಬಾಯಿ ಮುಚ್ಚತಿರಲಿಲ್ಲ ನಿಮ್ಮ ಮಗಳು. ಮುಂಜಾನಿ ಎದ್ದ ಕೂಡಲೇ ಸುರು.”

“ಏನಂತಿದ್ಲು?”

“ಏನಂತಿದ್ಲು… ನಂಗೂ ಒಟ್ಟಿ, ಅಂತಿದ್ಲು. ರೊಟ್ಟಿ ಅನ್ನಾಕ ಬರ್ತಿರಲಿಲ್ಲ.”

“ನಂಗೂ ಒಟ್ಟಿ,” ಎಂದರು ಮಾವ.

“ಬೆಲ್ಲಾ ಆ ಕೈಯಾಗೂ ಕೊಲು, ಈ ಕೈಯಾಗೂ ಕೊಲು, ಅಂತಿದ್ಲು. ಒಂದ ಕೈಯಾಗ ಕೊಟ್ರ ಮಾರಿ ಸೊಟ್ಟ ಮಾಡ್ತಿದ್ಲು.”

“ಆ ಕೈಯಾಗೂ ಕೊಲು, ಈ ಕೈಯಾಗೂ ಕೊಲು.”

“ತೆಲಿ ಬಾಚಾಕ ಹೋದ್ರ, ನಾ ಒಲ್ಲೆ, ನಾಳಿ ಬಾಚು, ಅಂತ ಓಡ್ತಿದ್ಲು.”

ಮಾವ ಅದನ್ನೂ ಅಂದರು. ಸಾಲಿಯ ಹುಡುಗರು ಮಾಸ್ತರನ ಹಿಂದೆ ಅನ್ನುವಂತೆ ಒಂದೊಂದನ್ನೂ ಅಂದರು, ಅತ್ತೆ ಒಂದೊಂದನ್ನೂ ತಿದ್ದಿದರು. ದನಿ ಹೀಗಲ್ಲ, ಹೀಗೆ ಎಳೆಯುತ್ತಿದ್ದಳು ಎಂದರು. ಮೂವತ್ತು ವರ್ಷ ಅವರ ಹೊಟ್ಟೆಯಲ್ಲಿದ್ದ ಆ ಮಾತುಗಳು ಒಂದೂ ಮಾಸಿರಲಿಲ್ಲ.

“ಮತ್ತ?” ಎಂದರು ಮಾವ.

ಅತ್ತೆ ಚೆಲ್ಲಿದ ಕಾಳನ್ನು ಕೈಯಿಂದ ಒಟ್ಟುಮಾಡಿದರು. “ಓಣಿ ಮಂದಿ ಕೆಣಕತಿದ್ರು ಆಕಿನ್ನ. ನಿಮ್ಮಪ್ಪ ಎಲ್ಲಿ ಅದಾನ ಅಂತ. ನಾಳಿ ಬತ್ತಾನ, ಅಂತಿದ್ಲು. ಯಾವತ್ತ ಕೇಳಿದ್ರೂ ಅದ. ನಾಳಿ ಬತ್ತಾನ.”

ಮಾವನಿಗೆ ಅದನ್ನು ಅನ್ನಲಾಗಲಿಲ್ಲ.

“ಅನ್ರಿ,” ಎಂದರು ಅತ್ತೆ. “ಇಡೀ ಓಣಿ ಕೇಳೈತಿ ಆ ಮಾತು. ನೀವೊಬ್ರ ಕೇಳಿಲ್ಲ. ಅನ್ರಿ.”

“ನಾಳಿ ಬರ್ತಾನ.”

“ಬರ್ತಾನ ಅಲ್ರಿ. ಬತ್ತಾನ. ಆಕಿಗೆ ಹಂಗ ಬರ್ತಿತ್ತು.”

“ನಾಳಿ ಬತ್ತಾನ,” ಎಂದರು ಮಾವ.

“ಹಾಂ,” ಎಂದು ಅತ್ತೆ ಕೈ ಚಾಚಿ ಅವರ ಹುಬ್ಬಿಗೆ ಮೆತ್ತಿದ್ದ ಅರಳೆಯನ್ನು ತೆಗೆದರು. “ಇನ್ನೊಮ್ಮೆ ಅನ್ರಿ.”

ಮಾವ ಇನ್ನೊಮ್ಮೆ ಅಂದರು.